ರಿವರ್ಸಿನ ಏಕವಚನ

ಮದುವೆಯಾದ ಲಾಗಾಯ್ತು ಪಾರ್ವತವ್ವ ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ. ಹೆಸರಂತೂ ಅವಳ ಬಾಯಿಗೇ ಬಾರದು. "ಏನ್ರಿ, ಉಣ್ಣಾಕ ಬರ್ರಿ" ಅಂದರೆ ಮುಗಿಯಿತು.

ಆದರೆ ಬನವಾಸಿಯ ಆಚೆಗಿದ್ದ ಅವರ ಮನೆಯ ಓಣಿ ಮಹಾ ಇಕ್ಕಟ್ಟು. ಗಾಡಿ ತಿರುಗಿಸಲು ಜಾಗವಿಲ್ಲ, ರಸ್ತೆಯಿಂದಲೇ ಹಿಮ್ಮುಖ ತರಬೇಕು. ಒಂದು ಬದಿ ಕಲ್ಲಿನ ಗೋಡೆ, ಕೊನೆಗೆ ಎಮ್ಮೆ ನೀರು ಕುಡಿಯುವ ಬಾನಿ. ಅನಾನಸ್ ವ್ಯಾಪಾರ ಮುಗಿಸಿ ಬಂದ ಗಂಡ ಶಂಕ್ರಪ್ಪ ಹಳೆಯ ಓಮ್ನಿಯನ್ನು ರಿವರ್ಸಿಗೆ ಹಾಕಿದನೆಂದರೆ, ಪಾರ್ವತವ್ವ ಸೆರಗು ಸಿಕ್ಕಿಸಿಕೊಂಡು ಹಿಂದೆ ನಿಲ್ಲುತ್ತಿದ್ದಳು. "ಬಾ, ಬಾ, ಬಾ. ಎಡಕ್ಕ ಹೊಡಿ. ಸಾಕು, ನಿಲ್ಲು."

ಲಾರಿಯ ಹಿಂದೆ ನಿಂತ ಕ್ಲೀನರ್ ಬಾಯಲ್ಲಿ ಕೇಳಿದ್ದನ್ನೇ ಅವಳು ಕಲಿತಿದ್ದಳು. ಗಂಡನಿಗೆ ಬಾ ಅನ್ನುತ್ತಿದ್ದೇನೆಂಬ ಎಚ್ಚರವೇ ಅವಳಿಗಿಲ್ಲ ಎಂದು ಶಂಕ್ರಪ್ಪನ ಎಣಿಕೆ. ಅವನಿಗೆ ಮಾತ್ರ ಆ ಎಚ್ಚರ ಚೆನ್ನಾಗಿಯೇ ಇತ್ತು. ಊರಿಗೆಲ್ಲ ಶಂಕ್ರಪ್ಪಗೌಡರಾದವನನ್ನು ಬಾ ಎಂದು ಕರೆಯುವವರು ಇನ್ಯಾರು ಉಳಿದಿದ್ದರು? ನೆಟ್ಟಗೆ ಬಂದ ಗಾಡಿಯನ್ನೂ ಮತ್ತೆ ಮುಂದಕ್ಕೆ ಒಯ್ದು, ಇನ್ನೊಮ್ಮೆ ಹಿಂದಕ್ಕೆ ತರುತ್ತಿದ್ದ, ಕಳ್ಳ.

ಹೀಗಿರುವಾಗ ಮಗ ರವೀಂದ್ರ ಶಿರಸಿಯಿಂದ ಅಪ್ಪನಿಗೆಂದು ಹೊಸ ಕಾರು ತಂದ. ಅದಕ್ಕೆ ಹಿಂದೆ ಕ್ಯಾಮೆರಾ, ಮುಂದೆ ಪರದೆ.

"ಇನ್ನ ಅವ್ವ ಬಿಸಲಾಗ ನಿಲ್ಲೂದು ಬ್ಯಾಡ," ಎಂದ.

ಮೊದಲ ದಿನ ಪಾರ್ವತವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬರುವಷ್ಟರಲ್ಲಿ ಕಾರು ತನ್ನ ಪಾಡಿಗೆ ತಾನು ಬಂದು ನಿಂತಾಗಿತ್ತು. ತೆರೆದ ಬಾಯಿ ಮುಚ್ಚಿಕೊಂಡು, "ಬಂದ್ರೇನ್ರಿ," ಎಂದು ಒಳಗೆ ಹೋದಳು. ಆಮೇಲೆ ಹೊರಗೆ ಬರುವುದನ್ನೇ ಬಿಟ್ಟಳು.

ಶಂಕ್ರಪ್ಪನಿಗೆ ಒಳಗೊಳಗೇ ಸಂಕಟವಾಯಿತು. ಹೇಳಿಕೊಳ್ಳೋಣವೆಂದರೆ ಏನೆಂದು ಹೇಳುವುದು? ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ "ನನಗ ಬಾ ಅನ್ನು" ಎಂದು ಹೆಂಡತಿಯನ್ನು ಕೇಳಿದರೆ ಎಮ್ಮೆಯೂ ನಕ್ಕೀತು. ಪರದೆಯಲ್ಲಿ ಗೋಡೆ, ಬಾನಿ ಎಲ್ಲ ಕಾಣುತ್ತಿತ್ತು. ಅವಳು ಕಾಣುತ್ತಿರಲಿಲ್ಲ. ಅವಳಿಲ್ಲದ ಆ ಅಂಗಳ ಅವನಿಗೆ ಬಿಕೋ ಎನ್ನುತ್ತಿತ್ತು.

ಒಂದು ಸೋಮವಾರ ಪಾರ್ವತವ್ವ ಪೂಜೆ ಮುಗಿಸಿದವಳು ಕಾರಿಗೂ ವಿಭೂತಿ ಹಚ್ಚಿದಳು. ಮುಂದೆ ಹಚ್ಚಿ, ಹಿಂದೆ ಬಂದು, ಕ್ಯಾಮೆರಾದ ಮೇಲೂ ಮೂರು ಬೆರಳು ದಪ್ಪಗೆ ಎಳೆದಳು. ಸಂಜೆ ಶಂಕ್ರಪ್ಪ ಓಣಿಯ ಬಾಯಲ್ಲಿ ರಿವರ್ಸ್ ಹಾಕಿದರೆ ಪರದೆಯೆಲ್ಲ ಬೆಳ್ಳಗೆ. ಇಳಿದು ನೋಡಿದ. ದೋತರದ ಚುಂಗಿನಿಂದ ಒರೆಸಿದ್ದರೆ ಆಗುತ್ತಿತ್ತು. ಒರೆಸದೆ ಒಳಗೆ ಕೂತು ಹಾರ್ನ್ ಒತ್ತಿದ. ಪಾರ್ವತವ್ವ ಬಾಗಿಲಿಗೆ ಬಂದಳು.

"ಏನೂ ಕಾಣವಲ್ದು. ಸ್ವಲ್ಪ ಹಿಂದ ನಿಂದ್ರು," ಎಂದ.

ಅವಳು ಸೆರಗು ಸಿಕ್ಕಿಸಿ ನಿಂತಳು. "ಬಾ," ಎಂದಳು. "ಬಾ, ಬಾ. ಬಲಕ್ಕ ಹೊಡಿ. ಎತ್ತಾಗ ನೋಡ್ತಿ, ಇತ್ತಾಗ ನೋಡು."

ಶಂಕ್ರಪ್ಪನ ಎದೆ ತುಂಬಿ ಬಂತು. ಬೇಕಂತಲೇ ಒಂದಿಷ್ಟು ಸೊಟ್ಟ ತಿರುಗಿಸಿ ಬೈಸಿಕೊಂಡ.

ಕಾರು ನಿಂತದ್ದೇ ತಡ, ರವೀಂದ್ರ ಬಟ್ಟೆ ಹಿಡಿದು ಬಂದ. "ಅವ್ವಾ, ಕ್ಯಾಮೆರಾಕ್ಕ ವಿಭೂತಿ ಹಚ್ಚಿದ್ರ ಅಪ್ಪಗ ಹಿಂದಿಂದು ಏನೂ ಕಾಣೂದಿಲ್ಲ."

"ಗೊತ್ತೈತಿ," ಎಂದಳು ಪಾರ್ವತವ್ವ, ಅವನ ಕೈಯಲ್ಲಿದ್ದ ಬಟ್ಟೆಯನ್ನು ಕಸಿದುಕೊಳ್ಳುತ್ತ. ಆಮೇಲೆ ಗಂಡನ ಕಡೆ ತಿರುಗಿದಳು. "ಒಳಗ ಬರ್ರಿ, ಚಾ ಆರತೈತಿ."