ನೆಲಮಾಳಿಗೆಯ ಮುಚ್ಚಳ

“ಮೂಗಿಗೆ ಬಟ್ಟೆ ಕಟ್ಕೊಂಡು ಕೂತಿದ್ದಾಳೆ ನೋಡು, ಮಹಾರಾಣಿ. ಬಿಚ್ಚೇ ಅದನ್ನ. ನಾತ ಮೂಗಿಗೆ ಬಡಿದ್ರೆ ತಾನೇ ಕೊಳೆತಿದ್ದು ಯಾವುದು ಅಂತ ಗೊತ್ತಾಗೋದು?”

ಮೇಸ್ತ್ರಿಯ ಬೂಟುಗಾಲು ಬುಟ್ಟಿಗೆ ಬಡಿಯಿತು. ಬುಟ್ಟಿ ಮಗುಚಿ, ಬೆಳಗಿನಿಂದ ಆರಿಸಿಟ್ಟ ಆಲೂಗಡ್ಡೆಗಳೆಲ್ಲ ಮತ್ತೆ ರಾಶಿಯ ಪಾಲಾದವು. ದೀಪದಕ್ಕ ಮೂಗಿನ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು, ಬುಟ್ಟಿ ನೆಟ್ಟಗೆ ಮಾಡಿದಳು, ಮೊದಲಿನಿಂದ ಶುರು ಮಾಡಿದಳು. ಪಕ್ಕದಲ್ಲಿ ಕೂತಿದ್ದ ಸೊಸೆಯ ಕೈ ಮಾತ್ರ ನಿಂತೇ ಇತ್ತು.

“ಆರಿಸು,” ಎಂದಳು ಅತ್ತೆ, ಮೇಸ್ತ್ರಿ ಆಚೆ ಸರಿದ ಮೇಲೆ. “ಅವನ ಬಾಯಲ್ಲಿ ಕೊಳೆತಿದ್ದನ್ನ ಆರಿಸೋಕೆ ಹೋದ್ರೆ ಬುಟ್ಟಿ ಸಾಲಲ್ಲ.”

ಸಾಲಿನ ಹೆಂಗಸರು ತಲೆ ಎತ್ತದೆಯೇ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. ಉಗ್ರಾಣದ ತಗಡಿನ ಮಾಡಿನಡಿ ಆ ನಾತ ಒದ್ದೆ ಕಂಬಳಿಯ ಹಾಗೆ ಎಲ್ಲರ ಮೇಲೂ ಬಿದ್ದುಕೊಂಡಿತ್ತು. ಹೊರಗಿನಿಂದ ನೋಡಿದರೆ ಗುಂಡಗೆ, ನೆಟ್ಟಗೆ ಕಾಣುವ ಗಡ್ಡೆ. ಎತ್ತಿದರೆ ಬೆರಳು ಒಳಗೇ ಇಳಿಯುತ್ತಿತ್ತು. ಬಿಳಿ ಗಂಜಿಯಂಥ ರಸ ಮಣಿಕಟ್ಟಿನವರೆಗೆ ಸುರಿಯುತ್ತಿತ್ತು. ಅದರ ಕೆಳಗಿನ ಗಡ್ಡೆಯೂ ಹಾಗೇ. ಅದರ ಕೆಳಗಿನದೂ ಹಾಗೇ.

ಈ ಸಲದ ಬೆಳೆಗೆ ಹೊಲದಲ್ಲೇ ಗ್ರಹಚಾರ ಕೆಟ್ಟಿತ್ತು. ಗಿಡದ ಸೊಪ್ಪು ಕೊಯ್ದು, ಗಡ್ಡೆಯನ್ನು ಮಣ್ಣಿನಲ್ಲೇ ಬಿಟ್ಟು, ಸಿಪ್ಪೆ ಬಲಿಯುವವರೆಗೆ ಕಾಯಬೇಕು. ಆಮೇಲೆ ನೆಲ ಒಣಗಿದಾಗ ಅಗೆದು, ನೆರಳಲ್ಲಿ ಹರವಿ, ಗುದ್ದಲಿ ತಾಗಿದ್ದನ್ನೂ ಜಜ್ಜಿದ್ದನ್ನೂ ಬೇರೆ ಮಾಡಿ, ಉಳಿದವು ಮೈ ಆರಿಸಿಕೊಂಡ ಮೇಲೆ ಒಳಗಿಡಬೇಕು. ಇದು ಅಲ್ಲಿ ಎಲ್ಲರಿಗೂ ಗೊತ್ತು, ಧಣಿಗೂ ಗೊತ್ತು. ಆದರೆ ಮುಂದಿನ ಬೆಳೆಗೆ ಹೊಲ ಬೇಗ ತೆರವಾಗಬೇಕಿತ್ತು. ಸೊಪ್ಪು ಹಸಿರಾಗಿರುವಾಗಲೇ, ಮಳೆ ನಿಂತ ಮಾರನೆಯ ದಿನವೇ ಅಗೆಸಿದ. ಹೆಬ್ಬೆರಳು ತಾಗಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಕೆಸರು ಮೆತ್ತಿದ ಹಾಗೇ ಎಲ್ಲವನ್ನೂ ಗಾಡಿಗೆ ತುಂಬಿಸಿ, ಅರ್ಧ ಮಾಲು ಉಗ್ರಾಣಕ್ಕೆ, ಅರ್ಧ ಅದರ ಕೆಳಗಿನ ನೆಲಮಾಳಿಗೆಗೆ ಸುರಿಸಿದ.

ನೆಲಮಾಳಿಗೆಯ ಬಾಯಿ ಉಗ್ರಾಣದ ನಟ್ಟನಡುವೆ. ಅದಕ್ಕೊಂದು ದಪ್ಪ ಹಲಗೆಯ ಮುಚ್ಚಳ. ತೆಗೆದರೆ ಕಡಿದಾದ ಮೆಟ್ಟಿಲು. ಒಳಗೆ ಗಾಳಿಯಾಡಲೆಂದು ಮಾಡಿನವರೆಗೆ ಎರಡು ಕೊಳವೆಗಳನ್ನು ಎತ್ತಿದ್ದರು. ಎರಡರ ಬಾಯಿಗೂ ಈಗ ಗೋಣಿಚೀಲ ತುರುಕಿದ್ದರು. ಗಾಳಿ ಆಡಿದರೆ ಗಡ್ಡೆ ಬಾಡಿ ತೂಕ ಇಳಿಯುತ್ತದೆ ಎಂಬುದು ಧಣಿಯ ಲೆಕ್ಕ.

ಸಂಜೆ ಕೆಲಸ ಬಿಡುವ ಹೊತ್ತಿಗೆ ಮೇಸ್ತ್ರಿ ಮುಚ್ಚಳದ ಮೇಲೆ ಕಾಲಿಟ್ಟು ನಿಂತು ಹೇಳಿದ: “ನಾಳೆ ಮಾಲು ನೋಡೋಕೆ ವ್ಯಾಪಾರಿ ಬರ್ತಾನೆ. ಬೆಳಗ್ಗೆನೇ ಇದನ್ನ ತೆಗೀಬೇಕು, ಕೊಳೆತಿದ್ದನ್ನೆಲ್ಲ ಮೇಲೆ ಹೊರಬೇಕು.” ಅವನ ಕಣ್ಣು ಸಾಲಿನ ಮೇಲೆ ಹರಿದು ಸೊಸೆಯ ಮೇಲೆ ನಿಂತಿತು. “ನೀನು ಮೊದ್ಲು ಇಳಿ. ಸಣಕಲು ಮೈ, ಮೂಲೆಗೆಲ್ಲ ನುಗ್ಗುತ್ತೆ.”

ಹೋದ ವರ್ಷ ಹೀಗೆಯೇ ಮೊದಲು ಇಳಿದವಳು ದೀಪದಕ್ಕನ ತಂಗಿ.

ಅದಕ್ಕೂ ಮುಂಚೆ ಮೊದಲು ಇಳಿಯುತ್ತಿದ್ದವಳು ದೀಪದಕ್ಕನೇ. ಕೈಯಲ್ಲಿ ಲಾಟೀನು. ಅದನ್ನು ಮುಖದ ಮುಂದೆ ಹಿಡಿಯುವುದಲ್ಲ, ಕಾಲಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿಬಿಟ್ಟು ಹೆಜ್ಜೆ ಇಡುವುದು. ಕುಡಿ ಕುಗ್ಗಿತೋ, ಹಿಂದೆ ತಿರುಗಿ ಏರಿಬಿಡುವುದು. ಕೊಳವೆಯ ಬಾಯಿ ತೆಗೆಸಿ, ಕುಡಿ ನೆಟ್ಟಗೆ ಉರಿಯುವವರೆಗೆ ಯಾರನ್ನೂ ಇಳಿಯಗೊಡುವುದಿಲ್ಲ. ಕೊಳೆಯುವ ಗಡ್ಡೆ ಮುಚ್ಚಿದ ಕೋಣೆಯ ಉಸಿರನ್ನೆಲ್ಲ ತಿಂದುಬಿಡುತ್ತದೆ ಎಂದು ಅವಳಿಗೆ ಹೇಳಿಕೊಟ್ಟವಳು ಅವಳ ಅತ್ತೆ. ಹಾಗಾಗಿ ಆ ಹೆಸರು. ಹೆತ್ತವರು ಇಟ್ಟ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ.

ಹೋದ ವರ್ಷ ಧಣಿ ಲಾಟೀನು ತೆಗೆಸಿ ಎಲ್ಲರಿಗೂ ಬ್ಯಾಟರಿ ಕೊಡಿಸಿದ. ಹುಲ್ಲು, ಗೋಣಿ ಇರುವ ಕಡೆ ಬೆಂಕಿ ಬೇಡ ಎಂದ. ಹೆಂಗಸರಿಗೂ ಖುಷಿ. ಹೊಗೆಯಿಲ್ಲ, ಕೈಗೆ ಎಣ್ಣೆಯಿಲ್ಲ, ಮೂಲೆಮೂಲೆಗೂ ಹಾಲು ಚೆಲ್ಲಿದಂಥ ಬೆಳಕು. “ಅಕ್ಕಾ, ಇನ್ನು ನೀನು ಬ್ಯಾಟರಿಯಕ್ಕ,” ಎಂದು ತಂಗಿ ಅದನ್ನು ಅವಳ ಮುಖಕ್ಕೇ ಬಿಟ್ಟು ನಕ್ಕಿದ್ದಳು. ನಗುತ್ತಲೇ ಇಳಿದಿದ್ದಳು. ಕೊಕ್ಕೆ ಹಗ್ಗ ಹಾಕಿ ಮೇಲೆಳೆದಾಗಲೂ ಅವಳ ಮುಷ್ಟಿಯಲ್ಲಿ ಬ್ಯಾಟರಿ ಉರಿಯುತ್ತಲೇ ಇತ್ತು.

ಬಂದ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಮೇಲಿನಿಂದಲೇ ಬಗ್ಗಿ ನೋಡಿದ. ಎದೆ ನಿಂತು ಸತ್ತಿದ್ದಾಳೆ ಎಂದು ಬರೆದುಕೊಂಡು ಹೋದ.

“ಸತ್ತೋರಲ್ಲಿ ಯಾರ ಎದೆ ನಡೀತಾ ಇರುತ್ತೆ ಸ್ವಾಮೀ?” ಎಂದು ಕೇಳಿದ್ದ ಹೆಂಗಸಿಗೆ ಮಾರನೆಯ ದಿನದಿಂದ ಕೆಲಸವಿರಲಿಲ್ಲ.

ಈ ಸಂಜೆ ಕೆಲಸ ಬಿಟ್ಟು ಮನೆಗೆ ಹೋಗುವ ಮೊದಲು ದೀಪದಕ್ಕ ಧಣಿಯ ಮನೆಗೆ ಹೋಗಬೇಕಿತ್ತು, ಅವರ ಅಡುಗೆಯ ಗಡ್ಡೆ ನೋಡಿಕೊಡಲು. ಮಹಡಿಯ ಮೇಲೆ ಕಿಟಕಿ ತೆರೆದ ಕತ್ತಲ ಕೋಣೆ. ಪಟ್ಟಿ ಹೊಡೆದ ಅಟ್ಟಣಿಗೆಗಳ ಮೇಲೆ ತೆಳುವಾಗಿ ಹರವಿದ ಗಡ್ಡೆಗಳು. ಇವಕ್ಕಾಗಿ ಧಣಿ ಹೊಲದ ಒಂದು ಮೂಲೆಯನ್ನು ಮಾತ್ರ ನೆಲ ಒಣಗಿದ ಮೇಲೆ, ಕಡೆಯಲ್ಲಿ ಅಗೆಸಿದ್ದ. ಒಂದಕ್ಕೂ ಗಾಯವಿರಲಿಲ್ಲ. ಧಣಿ ಒಂದನ್ನು ಎತ್ತಿ, ಹೆಬ್ಬೆರಳಲ್ಲಿ ಉಜ್ಜಿ, ಸಿಪ್ಪೆ ಏಳಲಿಲ್ಲವೆಂದು ತೃಪ್ತಿಪಟ್ಟುಕೊಂಡು ಕೆಳಗಿಟ್ಟ.

“ಮುಟ್ಟುವ ಮೊದ್ಲು ಕೈ ತೊಳ್ಕೊಂಡ್ಯಾ?”

“ತೊಳ್ಕೊಂಡೆ ಧಣಿ.”

“ಇನ್ನೊಂದ್ಸಲ ತೊಳ್ಕೊ. ಅಲ್ಲಿಯ ಕೊಳೆ ಇಲ್ಲಿಗೆ ಹತ್ತಬಾರದು.”

ಅವಳು ಮತ್ತೆ ತೊಳೆದು ಬಂದಳು. ಅಟ್ಟಣಿಗೆ ಎಲ್ಲ ನೋಡಿ ಮುಗಿಸಿದಳು. ಹೋಗದೆ ಬಾಗಿಲಲ್ಲೇ ನಿಂತಳು.

“ಧಣಿ, ನೆಲಮಾಳಿಗೆಯ ಕೊಳವೆ ಬಾಯಿ ತೆಗೆಸಿ. ಈ ಕೋಣೆಗೆ ಬಿಟ್ಟಷ್ಟು ಬೇಡ, ಒಂದು ದಿನ ಗಾಳಿ ಬಿಡಿ ಸಾಕು. ಆಮೇಲೆ ನಾನೇ ಇಳೀತೀನಿ.”

“ತೂಕ ಹೋಗುತ್ತೆ.”

“ಜನ ಹೋಗ್ತಾರೆ.”

“ಜನ ಬರ್ತಾರೆ,” ಎಂದ ಧಣಿ ಕೋಪವಿಲ್ಲದೆ, ಇನ್ನೊಂದು ಗಡ್ಡೆ ಎತ್ತಿಕೊಳ್ಳುತ್ತ.

ಉಗ್ರಾಣದ ಗೇಟಿಗೆ ಅಂಟಿಕೊಂಡ ಕೋಣೆಯಲ್ಲಿ ತಂಗಿಯ ಗಂಡ ಮಕ್ಕಳಿಗೆ ಗಂಜಿ ಬಡಿಸುತ್ತಿದ್ದ. ಹೆಂಡತಿ ಸತ್ತ ಮೇಲೆ ಧಣಿ ಅವನಿಗೆ ಗೇಟು ಕಾಯುವ ಕೆಲಸ ಕೊಟ್ಟಿದ್ದ, ಈ ಕೋಣೆಯನ್ನೂ ಕೊಟ್ಟಿದ್ದ. ಅದಾದ ಮೇಲೆ ಅವನ ಮಾತು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಪೇಟೆಯ ಕಾರ್ಮಿಕರ ಕಚೇರಿಗೆಂದು ಸೊಸೆ ಬರೆದ ಅರ್ಜಿ ಅವನ ಹತ್ತಿರವೇ ಇತ್ತು. ಮುಚ್ಚಿದ ಕೊಳವೆ, ಬ್ಯಾಟರಿ, ತಂಗಿ ಸತ್ತ ರೀತಿ, ಎಲ್ಲ ಅದರಲ್ಲಿತ್ತು. ಕೆಳಗೆ ಮೊದಲ ಹೆಬ್ಬೆಟ್ಟು ಅವನದೇ, ಆಮೇಲೆ ಹೆಂಗಸರೆಲ್ಲರದು. ನಾನೇ ಅಂಚೆಗೆ ಹಾಕ್ತೀನಿ ಎಂದು ಇಸಿದುಕೊಂಡವನು ಇನ್ನೂ ಹಾಕಿರಲಿಲ್ಲ. ಅಂಚೆ ಡಬ್ಬ ಎಲ್ಲೋ ದೂರದಲ್ಲಿಲ್ಲ, ರಸ್ತೆ ದಾಟಿದರೆ ಗೇಟಿನ ಎದುರಿಗೇ ಇತ್ತು.

“ನಾಳೆ ನನ್ನ ಸೊಸೆನ ಇಳಿಸ್ತಾರೆ,” ಎಂದಳು ದೀಪದಕ್ಕ. “ಕಾಗದ ಹಾಕು. ಇಲ್ಲಾಂದ್ರೆ ನನಗೆ ಕೊಡು.”

ಅವನು ಬಡಿಸುವುದನ್ನು ನಿಲ್ಲಿಸಲಿಲ್ಲ. “ಹಾಕಿದ್ರೆ ಅವತ್ತೇ ನಮ್ಮ ಸಾಮಾನು ಬೀದಿಗೆ ಬೀಳುತ್ತೆ ಅಕ್ಕಾ. ಮಕ್ಕಳಿಗೆ ಇದೊಂದು ಸೂರು.”

“ಇದು ನಿನ್ನ ಹೆಂಡ್ತಿ ಬಿದ್ದ ಗುಂಡಿಗೆ ಹಾಕಿರೋ ಮುಚ್ಚಳ ಕಣಪ್ಪ. ಸೂರು ಅಂತೆ.”

ಅವನು ಇನ್ನೊಂದು ಸೌಟು ಬಡಿಸಿದ. ಕಾಗದ ಕೊಡಲಿಲ್ಲ. ಚಿಕ್ಕ ಮಗು ದೊಡ್ಡಮ್ಮನ ಕೈ ಮೂಸಿ ಮುಖ ಸಿಂಡರಿಸಿತು. ಅವಳು ಕೈ ಬೆನ್ನ ಹಿಂದೆ ಇಟ್ಟುಕೊಂಡು ಎದ್ದಳು.

ಬೆಳಗ್ಗೆ ಅವಳು ಮನೆಯ ಅಟ್ಟದ ಮೇಲಿದ್ದ ಹಳೆಯ ಲಾಟೀನನ್ನು ಒರೆಸಿ, ಬತ್ತಿ ಹೊಸದು ಹಾಕಿ ತಂದಿದ್ದಳು. ಮೇಸ್ತ್ರಿ ಮುಚ್ಚಳ ಎತ್ತಿಸಿದ. ಒಳಗಿನಿಂದ ಬಂದ ಬಿಸಿಗೆ ಮುಂದೆ ನಿಂತಿದ್ದ ಇಬ್ಬರು ಹಿಂದೆ ಸರಿದರು. ಸೊಸೆಯ ಕೈಗೆ ಬ್ಯಾಟರಿ ಕೊಟ್ಟಾಗಿತ್ತು. ಅವಳ ತುಟಿ ಬೆಳ್ಳಗಾಗಿತ್ತು. ಆದರೂ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಳು.

“ನಿಂತ್ಕೊ,” ಎಂದು ದೀಪದಕ್ಕ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಲಾಟೀನು ಹಚ್ಚಿ, ಹಿಡಿಗೆ ಹಗ್ಗ ಕಟ್ಟಿ, ಕೆಳಗೆ ಇಳಿಬಿಟ್ಟಳು.

ಎಲ್ಲರೂ ಬಗ್ಗಿ ನೋಡಿದರು. ಮೊದಲ ಮೆಟ್ಟಿಲು, ಆಮೇಲಿನದು, ಆಮೇಲಿನದು. ಕೆಂಪಗೆ ಉರಿಯುತ್ತಿದ್ದ ಕುಡಿ ಇದ್ದಕ್ಕಿದ್ದಂತೆ ಮೊಳಕೆಯಷ್ಟಾಯಿತು. ಇನ್ನೊಂದು ಗೇಣು ಇಳಿಯುವಷ್ಟರಲ್ಲಿ ಇಲ್ಲವಾಯಿತು. ಯಾರೋ ಚಿವುಟಿ ಹಾಕಿದ ಹಾಗೆ.

ಅಷ್ಟರಲ್ಲಿ ಧಣಿಯೂ ಬಂದಿದ್ದ. “ಗಾಳಿಗೆ ಆರಿದೆ,” ಎಂದ.

“ಗಾಳಿ ಇದ್ದಿದ್ರೆ ಆರ್ತಿರ್ಲಿಲ್ಲ ಧಣಿ.”

ಅವಳು ಮೇಲೆಳೆದು, ಮತ್ತೆ ಹಚ್ಚಿ, ಮತ್ತೆ ಬಿಟ್ಟಳು. ಅದೇ ಮೆಟ್ಟಿಲಲ್ಲಿ ಮತ್ತೆ ಆರಿತು. ಮೇಸ್ತ್ರಿ ಸೊಸೆಯ ಕೈಯಿಂದ ಬ್ಯಾಟರಿ ಕಿತ್ತು ಗುಂಡಿಯೊಳಗೆ ಬಿಟ್ಟ. ರಾಶಿಯ ಮೈಮೇಲಿನ ಲೋಳೆ ಮಿರಮಿರ ಮಿನುಗಿತು. “ಇದು ಉರೀತಾ ಇದೆಯಲ್ಲ, ಕಣ್ಣು ಕುರುಡಾ? ಇಳೀರೇ ಬೇವರ್ಸಿಗಳಾ. ಅನ್ನ ತಿನ್ನೋಕೆ ಬಾಯಿ ಬಿಡ್ತೀರಿ, ಕೆಲ್ಸ ಅಂದ್ರೆ ಲಾಟೀನು ತೋರಿಸ್ತೀರಾ?”

“ಉಸಿರಾಡೋ ಮೈ ನಮ್ಮದು, ಬ್ಯಾಟರಿದಲ್ಲ,” ಎಂದಳು ದೀಪದಕ್ಕ. “ನೀನು ಇಳಿಯೋ, ಸೂಳೆಮಗನೆ. ನೀನು ಇಳಿದು ಮೇಲೆ ಬಾ, ಆಮೇಲೆ ನಾವು.”

ಅಲ್ಲಿಯವರೆಗೆ ಅವಳ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ. ಮೇಸ್ತ್ರಿಯ ಕೈ ಮೇಲೆದ್ದಿತು. ಏಟು ಕಿವಿಯ ಮೇಲೆ ಬಿತ್ತು. ಅವಳು ತೂರಾಡಿ, ಮುಚ್ಚಳದ ಅಂಚು ಹಿಡಿದು ಸಾವರಿಸಿಕೊಂಡಳು. ಹಿಡಿದ ಕೈ ಬಿಡದೆ ಮುಚ್ಚಳವನ್ನೇ ಎಳೆದಳು. ಸೊಸೆ ಇನ್ನೊಂದು ತುದಿಗೆ ಕೈ ಹಾಕಿದಳು. ಹಲಗೆ ಧಡ್ ಎಂದು ಬಿತ್ತು. ದೀಪದಕ್ಕ ಅದರ ಮೇಲೆ ಕೂತಳು. ಸೊಸೆ ಕೂತಳು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು, ಜಾಗ ಇದ್ದಲ್ಲಿ ಒತ್ತಿಕೊಂಡು ಕೂತರು. ಜಾಗ ಸಿಗದವರು ಸುತ್ತ ನಿಂತರು.

ಧಣಿ ಕೂಗಾಡಲಿಲ್ಲ. “ಕೂತ್ಕೊಳ್ಳಿ, ಆರಾಮಾಗಿ ಕೂತ್ಕೊಳ್ಳಿ,” ಎಂದ. “ನಿನ್ನೆ ಸಾಯಂಕಾಲವೇ ಹೇಳಿ ಕಳಿಸಿದ್ದೀನಿ. ಲಾರಿ ಬರುತ್ತೆ.”

ಲಾರಿ ಬಂತು. ಉಗ್ರಾಣದ ತೆರೆದ ಬಾಗಿಲಿಂದ ಗೇಟು ನೇರವಾಗಿ ಕಾಣುತ್ತಿತ್ತು. ಕಂಬಿಗಳಾಚೆ, ಲಾರಿಯ ಮೇಲೆ, ಬೇರೆ ಯಾವುದೋ ಕಡೆಯಿಂದ ಬಂದ ಹೆಂಗಸರು. ಈ ಉಗ್ರಾಣ, ಈ ಗುಂಡಿ, ಒಂದೂ ಅರಿಯದವರು. ಮೇಸ್ತ್ರಿ ಬ್ಯಾಟರಿಗಳ ಡಬ್ಬ ಹೊತ್ತು ಗೇಟಿಗೆ ಓಡಿದ, ಕಂಬಿಯ ಸಂದಿನಿಂದಲೇ ಹಂಚತೊಡಗಿದ. ಅವರಲ್ಲೊಬ್ಬಳು ಬ್ಯಾಟರಿ ಹತ್ತಿಸಿ, ಆರಿಸಿ, ಪಕ್ಕದವಳ ಮುಖಕ್ಕೆ ಬಿಟ್ಟು ಕಿಲಕಿಲ ನಕ್ಕಳು.

ತಂಗಿಯ ಗಂಡ ಕೀಲಿ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದ.

“ತೆಗಿಯೋ ಗೇಟು, ಏನು ಬಾಯಿಬಿಟ್ಕೊಂಡು ನೋಡ್ತೀಯ?” ಎಂದ ಮೇಸ್ತ್ರಿ.

ಅವನು ಕೋಣೆಯೊಳಗೆ ಹೋದ. ಬಂದಾಗ ಒಂದು ಕೈಯಲ್ಲಿ ಚಿಕ್ಕ ಮಗು, ಹಿಂದೆ ದೊಡ್ಡದು. ಗೇಟು ಒಬ್ಬರು ಹಾಯುವಷ್ಟು ತೆರೆದು, ಮಕ್ಕಳನ್ನು ದಾಟಿಸಿ, ತಾನೂ ದಾಟಿ, ಹೊರಗಿನಿಂದ ಸರಪಳಿ ಸುತ್ತಿ ಬೀಗ ಜಡಿದ. ಕೀಲಿಯನ್ನು ಜೇಬಿಗಿಳಿಸಿದ. ಅಂಗಿಯೊಳಗಿನಿಂದ, ಬೆವರಿಗೆ ಅಂಚು ಕಂದಿದ ಲಕೋಟೆ ತೆಗೆದು, ಲಾರಿಯ ಮುಂದಿನಿಂದ ಹಾದು ರಸ್ತೆ ದಾಟಿದ.

ಮೇಸ್ತ್ರಿ ಕಂಬಿ ಹಿಡಿದು ಅಲುಗಿಸುತ್ತ ಅವನ ಅವ್ವನಿಂದ ಹಿಡಿದು ಎಲ್ಲರನ್ನೂ ಬೈಯುತ್ತಿದ್ದ. ಲಾರಿಯವನು ಹಾರ್ನ್ ಒತ್ತಿದ. ತಂಗಿಯ ಗಂಡ ಲಕೋಟೆಯನ್ನು ಡಬ್ಬದ ಬಾಯಿಗೆ ತೂರಿಸಿ, ಅದು ಬಿತ್ತೋ ಇಲ್ಲವೋ ಎಂದು ಡಬ್ಬಕ್ಕೆ ಕಿವಿಯಿಟ್ಟು ಕೇಳಿದ.

ಧಣಿ ಗೋಡೆಗೊರಗಿಸಿದ್ದ ಹಾರೆಯ ಕಡೆ ನಡೆದ. ಒಂದು ಬೀಗ ಒಡೆಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ದೀಪದಕ್ಕನಿಗೆ ಗೊತ್ತಿತ್ತು.

“ಅತ್ತೆ,” ಎಂದಳು ಸೊಸೆ ಪಿಸುಮಾತಿನಲ್ಲಿ, “ಹಲಗೆ ಬಿಸಿ ಇದೆ.”

“ಹೂಂ,” ಎಂದಳು ದೀಪದಕ್ಕ. “ಏಳ್ಬೇಡ.”