ಸಾಬೂನು ಹಚ್ಚಿ ಇಳಿಸಿದ ಬಳೆ

ಬಳೆ ಒಡೆದವು ಎಂದು ನಮ್ಮ ಅಕ್ಕಲಕೋಟದ ಕಡೆ ಯಾರೂ ಅನ್ನುವುದಿಲ್ಲ, ಅಪಶಕುನ. ಮರಾಠಿಯವರ ಹಾಗೆ ನಾವೂ ‘ವಾಡ್ಯಾವು’ ಅನ್ನುತ್ತೇವೆ, ಅಂದರೆ ಹೆಚ್ಚಿದವು ಅಂತ. ಕಳೆದ ಚಳಿಗಾಲದಲ್ಲಿ ಸೊಲ್ಲಾಪುರದ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯೊಳಗಿನ ಗಂಟು ತೆಗೆಯುವ ದಿನ, ಬಳೆ ಬಿಚ್ಚಬೇಕು, ಬರದಿದ್ದರೆ ಒಡೆಯಬೇಕು ಎಂದಳು ನರ್ಸು. ಕೈ ಬಾತಿದ್ದವು, ಬಳೆ ಜಾರುತ್ತಿರಲಿಲ್ಲ. ಗಂಡ ಬದುಕಿರುವಾಗ ಬಳೆ ಒಡೆಸಿಕೊಳ್ಳುವುದೆಂದರೇನು? ಸಾಯುವ ಹೆದರಿಕೆಗೂ ಅಳದ ನಾನು ಅದಕ್ಕೆ ಬೋರಾಡಿ ಅತ್ತೆ. ನಗುವವರು ನಗಲಿ.

ಜೊತೆಗಿದ್ದವಳು ಹುಸೇನಬಿ, ನಮ್ಮ ಮನೆಗೆ ಬಳೆ ಇಡುವವಳು. ನನ್ನ ಮದುವೆಗೆ ಬಳೆ ಇಟ್ಟವಳು ಅವಳ ಅತ್ತೆ. ನನ್ನ ಮಗ ಓಂಕಾರನಿಗೆ ಅಂಗಡಿ ಬಿಡಲಾಗದು, ಮಗಳು ಪ್ರಣಿತಾಗೆ ಪರೀಕ್ಷೆ. ಇವಳು ಮಾತ್ರ ಬಳೆಬುಟ್ಟಿ ಮನೆಯಲ್ಲಿಟ್ಟು, ದಿನಾ ಎಸ್‌ಟಿ ಬಸ್ಸು ಹತ್ತಿ ನನಗೆ ಗಂಜಿ ತಂದಳು. ಅಂದು ನರ್ಸನ್ನು ಆಚೆ ಸರಿಸಿ, ನನ್ನ ಕೈಗೆ ಸಾಬೂನು ಹಚ್ಚಿ, ಬೆರಳು ಮಡಚಿ ಒಂದೊಂದೇ ಬಳೆ ಇಳಿಸಿದಳು. ಒಂದೂ ವಾಡಲಿಲ್ಲ. ಎಲ್ಲವನ್ನೂ ತನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

“ಸುಮ್ನಿರು. ನೀ ಎದ್ದ್ ಬಾ, ಇವನ್ನ ನಾನಽ ಇಡ್ತೀನಿ.”

ಅಲ್ಲಿಯವರೆಗೆ ಅವಳು ‘ರಿ’ ಹಚ್ಚದೆ ನನ್ನೊಡನೆ ಮಾತಾಡಿದವಳೇ ಅಲ್ಲ. ಆ ‘ನೀ’ ಕೇಳಿ ನನಗೆ ಅರ್ಧ ಜೀವ ಬಂತು. ಪ್ರಣಿತಾಳ ಮದುವೆಯ ಚೂಡಾಕ್ಕೆ, ಅಂದರೆ ಮದುಮಗಳಿಗೆ ಹಸಿರು ಬಳೆ ಇಡುವ ಶಾಸ್ತ್ರಕ್ಕೆ, ನೀನೇ ಬರಬೇಕು ಎಂದು ಅವಳ ಕೈ ಹಿಡಿದು ಹೇಳಿದೆ. ನನ್ನ ಬಳೆಯನ್ನೂ ಅಂದೇ ಇಡುತ್ತೇನೆ ಎಂದಳು.

ನಾನು ಬದುಕಿ ಬಂದೆ. ಅಷ್ಟರಲ್ಲಿ ದೇಶದಲ್ಲಿ ನಡೆದ ‘ಅವರು, ನಾವು’ ನಮ್ಮ ಓಣಿಗೂ ಬಂದಿತ್ತು. ನಮ್ಮವರ ಹತ್ತಿರವೇ ಕೊಳ್ಳಿ ಎಂದು ಓಂಕಾರನ ಫೋನಿನಲ್ಲಿ ಬೆಳಗಿನಿಂದ ಸಂಜೆಯವರೆಗೂ ಅದೇ ಪುರಾಣ. ಚೂಡಾಕ್ಕೆ ಸೊಲ್ಲಾಪುರದಿಂದ ‘ನಮ್ಮವ’ ಬಳೆಗಾರನನ್ನು ಕರೆಸುತ್ತೇನೆಂದ.

“ಆಯಿ, ಬೀಗ್ರು ಏನಂದಾರು?”

ಸಾರಿಗೆ ಉಪ್ಪು ಹೆಚ್ಚಾದರೆ ಮನೆ ಹಾರಿಸುವ ಬಾಯಿ ನನ್ನದು. ಅಂದು ತಲೆ ತಗ್ಗಿಸಿ ಅಕ್ಕಿ ಆರಿಸುತ್ತ ಕೂತೆ. ಬರಬೇಡ ಎಂದು ಹುಸೇನಬಿಗೆ ಹೇಳಿ ಕಳಿಸುವ ಧೈರ್ಯವೂ ಆಗಲಿಲ್ಲ. ಹೇಗೋ ಆದೀತು ಅಂದುಕೊಂಡೆ.

ನಿನ್ನೆ ಅವಳು ಬಂದಳು. ಪಡಸಾಲೆಯಲ್ಲಿ ಸೊಲ್ಲಾಪುರದ ಬಳೆಗಾರ ಪ್ರಣಿತಾಳ ಕೈ ಹಿಡಿದು ಕೂತಿದ್ದ. ಹುಸೇನಬಿ ಹೊಸ ಸೀರೆ ಉಟ್ಟು, ಬುಟ್ಟಿ ಹೊತ್ತು ಹೊಸಿಲಾಚೆ ನಿಂತಳು. ಒಳಗೆ ನೋಡಿದಳು, ಓಂಕಾರನನ್ನು ನೋಡಿದಳು, ಆಮೇಲೆ ನನ್ನನ್ನು. ಹೊರಗಿನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಸೆರಗಿನ ಗಂಟು ಬಿಚ್ಚಿದಳು.

“ನಿಮ್ಮ ಬಳಿಗೋಳು ನನ್ನ ಹಂತ್ಯಾಕ ಉಳದಾವ್ರಿ ಅಕ್ಕಾರ. ಇಟ್ಟು ಹೋಗ್ತೀನ್ರಿ.”

‘ರಿ’ ಮತ್ತೆ ಬಂದಿತ್ತು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಕೈ ಕೊಟ್ಟೆ. ಈ ಸಲ ಸಾಬೂನು ಬೇಕಾಗಲಿಲ್ಲ. ಕಾಯಿಲೆಯಿಂದ ಕೈ ಬತ್ತಿದ್ದವು, ಬಳೆ ತಾವೇ ಏರಿದವು. ಬೀಗರ ಕಡೆಯ ಹೆಂಗಸರು ಕಿಟಕಿಗೆ ಬಂದರು. ಓಂಕಾರ ಬಾಗಿಲಲ್ಲಿ ನಿಂತು ಕೆಮ್ಮಿದ.

ಬಳೆ ಇಡಿಸಿಕೊಂಡವಳು ಇಟ್ಟವಳಿಗೆ ಬಗ್ಗಿ ನಮಸ್ಕಾರ ಮಾಡಬೇಕು, ಅವಳು ತಲೆ ಮುಟ್ಟಿ ಹರಸಬೇಕು. ಯಾರ ಜಾತಿ ಯಾವುದೆಂದು ಕೇಳದೆ ಹುಡುಗಿಯಾಗಿದ್ದಾಗಿನಿಂದ ಬಗ್ಗಿದವಳು ನಾನು. ನಿನ್ನೆ ಬಗ್ಗಲಿಲ್ಲ. ಹೊಟ್ಟೆಯ ಹೊಲಿಗೆ ನೋಯುತ್ತದೆ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ಥೂ, ನನ್ನ ಜನ್ಮಕ್ಕೆ. ಎದ್ದು ಸೆರಗು ಸರಿಮಾಡಿಕೊಂಡೆ.

ಹುಸೇನಬಿ ರೂಢಿಯಂತೆ ಆಗಲೇ ಕೈ ಎತ್ತಿಬಿಟ್ಟಿದ್ದಳು. ನನ್ನ ತಲೆ ಇರಬೇಕಾದ ಜಾಗದಲ್ಲಿ ಆ ಕೈ ಹಾಗೇ ನಿಂತಿತು.

“ಮುತ್ತೈದಿಯಾಗಿ ನೂರ್ ವರ್ಷ ಬಾಳ್ರಿ,” ಎಂದಳು.

ಆಮೇಲೆ ಅದೇ ಕೈಯಿಂದ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು.