ಒಂದೂವರೆ ಟೈರು

ನನ್ನ ಗಂಡ ಲೆಕ್ಕದ ಮೇಷ್ಟ್ರು. ಶಾಲೆಯ ಮಕ್ಕಳು ಗಂಟೆ ಹೊಡೆದ ಕೂಡಲೇ ಅವರಿಂದ ಪಾರಾಗುತ್ತಾರೆ. ನನಗೂ ಮಗಳಿಗೂ ಆ ಭಾಗ್ಯವಿಲ್ಲ.

ಮಗಳ ಸೈಕಲ್ಲಿನ ಮುಂದಿನ ಟೈರು ಸವೆದು ಒಳಗಿನ ನೂಲು ಕಾಣುತ್ತಿತ್ತು. ಅವಳು ದಿನಾ ಇಳಿಜಾರಿನಲ್ಲಿ ಬಸ್ಸು ಲಾರಿಗಳ ನಡುವೆ ಇಳಿದು ಆಸ್ಪತ್ರೆಯ ಕೆಲಸಕ್ಕೆ ಹೋಗಬೇಕು. "ಹಳೇ ಟೈರು ತಗೊಂಡು ಹೋಗಿ, ಅಳತೆ ನೋಡಿ ಕೊಡ್ತಾರೆ" ಎಂದೆ.

"ಅಳತೆ ನಂಗೆ ಹೇಳ್ಕೊಡ್ಬೇಡ" ಎಂದು ಕೈಬೀಸಿಕೊಂಡು ಹೋದರು.

ತಂದ ಟೈರಿನ ಪಕ್ಕೆಯಲ್ಲಿ 26 × 1½ ಎಂದಿತ್ತು. ಹಳೆಯದರ ಮೇಲೆ 26 × 1.50. ಬೇರೆ ಇದೆಯಲ್ಲ ಅಂದೆ, ಅಷ್ಟೇ.

"ಯಾವ ಶಾಲೇಲಿ ಓದಿದ್ದೆ ನೀನು? ಒಂದೂವರೆ ಅಂದ್ರೇನು, ಒಂದು ಪಾಯಿಂಟ್ ಐದು ಅಂದ್ರೇನು? ಅಳಿಯ ಅಲ್ಲ, ಮಗಳ ಗಂಡ!"

ನಾನು ವಾದಕ್ಕಿಳಿಯದೆ ಹೊಸದನ್ನು ನೆಲದ ಮೇಲಿಟ್ಟು ಅದರ ಮೇಲೆ ಹಳೆಯದನ್ನಿಟ್ಟೆ. ಹೊಸದು ಸುತ್ತಲೂ ಒಂದು ಬೆರಳು ದೊಡ್ಡದು. ಲೆಕ್ಕದ ಪುಸ್ತಕದಲ್ಲಿ ಹೇಗೋ ಏನೋ, ಟೈರು ಮಾಡುವವರ ಲೋಕದಲ್ಲಿ ಅಳಿಯನೇ ಬೇರೆ, ಮಗಳ ಗಂಡನೇ ಬೇರೆ. ಒಬ್ಬನ ರಿಮ್ಮಿಗೆ ಇನ್ನೊಬ್ಬ ಕೂರುವುದಿಲ್ಲ. ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆದರೆ ಇವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಹೊಸದನ್ನೇ ಚಕ್ರಕ್ಕೆ ಹಾಕಿ, "ನೋಡು, ಮೀಟೋದೇ ಬೇಡ, ಕೈಯಲ್ಲೇ ಕೂತ್ಕೊಳ್ತು!" ಎಂದು ಬೀಗಿದರು. ಅದು ಕೂತಿರಲಿಲ್ಲ, ಜೋತುಬಿದ್ದಿತ್ತು. ಗಾಳಿ ಹೊಡೆಯುವಾಗ ಒಂದು ಕಡೆ ಟ್ಯೂಬು ಗುಳ್ಳೆಯಂತೆ ಹೊರಗೆ ಉಬ್ಬಿತು. ಹೆಬ್ಬೆರಳಲ್ಲಿ ಒಳಗೆ ತುರುಕಿದರು, ಸ್ವಲ್ಪ ಗಾಳಿ ಬಿಟ್ಟರು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿದರು. ನಾನು ಕಿಟಕಿಯಲ್ಲಿದ್ದೆ.

ಬೆಳಗ್ಗೆ ಮಗಳು ಚೀಲ ಹಿಡಿದು ಬಂದಳು. "ಸರಿಯಾಗಿದೆಯಾ ಅಪ್ಪ?"

"ಕಲ್ಲಿನ ಹಾಗಿದೆ. ಹೊರಡು."

ಅವಳು ಹತ್ತಿ ಕೂತಳು. ನಾನು ಹೋಗಿ ಹ್ಯಾಂಡಲ್ಲು ಹಿಡಿದೆ. "ಮೊದಲು ನೀವು ಒಂದ್ಸಲ ಇಳಿಜಾರಲ್ಲಿ ಹೋಗಿಬನ್ನಿ" ಎಂದೆ ಗಂಡನಿಗೆ.

ಅವರು ಇಳಿಜಾರು ನೋಡಿದರು, ಕೆಳಗೆ ತಿರುಗುತ್ತಿದ್ದ ಲಾರಿ ನೋಡಿದರು, ಆಮೇಲೆ ಟೈರು ನೋಡಿದರು.

"ನಂಗೆ ಮೊಣಕಾಲು ನೋವು" ಎಂದರು.

ಅದೇ ಮೊಣಕಾಲಿನಲ್ಲಿ ಆಗಷ್ಟೇ ಹಾಲು ತಂದಿದ್ದರು. ಅಲ್ಲಿಯವರೆಗೆ ನನಗಿದ್ದದ್ದು ಬರೀ ತಾತ್ಸಾರ. ದಡ್ಡತನಕ್ಕೆ ಅಷ್ಟು ಸಾಕು. ಆದರೆ ತನ್ನ ಮಾತು ಸೋಲಬಾರದೆಂದು ತಾನು ಹತ್ತದ ಸೈಕಲ್ಲಿಗೆ ಮಗಳನ್ನು ಹತ್ತಿಸಿದ ಈ ಮನುಷ್ಯನನ್ನು ಕಂಡು ಹೇಸಿಗೆಯಾಯಿತು.

ಮಗಳು ಮೆಲ್ಲಗೆ ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸಿದಳು.

"ನಾನು ಹತ್ತಿದಾಗ ಏನೂ ನೋಯ್ಲಿಲ್ವಾ ಅಪ್ಪ?" ಎಂದು ಕೇಳಿ, ಚೀಲ ಹೆಗಲಿಗೇರಿಸಿ ನಡೆದೇ ಹೊರಟಳು.